ಹಳೆಯ ಬುಲೆಟ್ಟಿಗೆ ಮೆತ್ತನೆಯ ಸೀಟು ಹಾಕಿಸುವ ಮುನ್ನ

ಹಳೆಯ ಬುಲೆಟ್ಟಿನ ಸೀಟು ಬದಲಾಯಿಸಬೇಕೆಂದಿರುವವರು, ಅದರಲ್ಲೂ ಕೊಡಗಿನಂಥ ಮಳೆಯ, ಏರಿಳಿತದ ಸೀಮೆಯಲ್ಲಿ ಗಾಡಿ ಓಡಿಸುವವರು, ಇದನ್ನು ಓದಿದ ಮೇಲೆಯೇ ಅಂಗಡಿಗೆ ಹೋಗಬೇಕೆಂದು ಕೋರುತ್ತೇನೆ. ಕಳೆದ ವರ್ಷ ನಾನು 6,500 ರೂಪಾಯಿ ಕೊಟ್ಟು ಒಂದು ಸೀಟು ಹೊಲಿಸಿದೆ. ಅದರಿಂದ ದಕ್ಕಿದ್ದು ನಡುರಸ್ತೆಯಲ್ಲಿ ಒಂದು ಬೀಳು, ಹದಿನೈದು ದಿನದ ಸೊಂಟನೋವು. ಗಾಡಿಯೊಂದಿಗೇ ಬಂದಿದ್ದ ಅಸಲಿ ಸೀಟು ಕೈಬಿಟ್ಟು ಹೋಯಿತು.

ಗಾಡಿ ನಮ್ಮ ತಂದೆಯವರು 1976ರಲ್ಲಿ ಕೊಂಡದ್ದು. ಬೆಳೆದ ಕಾಫಿಯನ್ನು ಸರ್ಕಾರದ ಕಾಫಿ ಬೋರ್ಡಿಗೇ ಕೊಡಬೇಕಿದ್ದ ಆ ಕಾಲದಲ್ಲಿ ಅವರು ವಿರಾಜಪೇಟೆ ಸಮೀಪದ ನಮ್ಮ ತೋಟದಿಂದ ಎಲ್ಲ ಓಡಾಟವನ್ನೂ ಇದರ ಮೇಲೆಯೇ ಮಾಡುತ್ತಿದ್ದರು. ಎಂಜಿನ್ ಇಂದಿಗೂ ಎರಡನೆಯ ಕಿಕ್ಕಿಗೆ ಏಳುತ್ತದೆ. ಸೀಟಿನ ಸ್ಪಂಜು ಮಾತ್ರ ಪುಡಿಯಾಗಿ, ಹರಿದ ರೆಕ್ಸಿನ್ನಿನ ಸಂದಿಯಿಂದ ಹಳದಿ ರವೆಯಂತೆ ಉದುರುತ್ತಿತ್ತು. ತಳದ ತಗಡಿಗೆ ಅಂಚಿನಲ್ಲಿ ಅಷ್ಟಿಷ್ಟು ತುಕ್ಕು ಹಿಡಿದಿದ್ದರೂ ನಡುಭಾಗ ಗಟ್ಟಿಯಾಗಿಯೇ ಇತ್ತು ಎಂಬುದನ್ನು ಆಗ ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಕೋವಿಯ ಪಕ್ಕದಲ್ಲಿ ಗಾಡಿಯನ್ನೂ ನಿಲ್ಲಿಸಿ ಹೂವೇರಿಸಿದಾಗ, ಆ ಹರಿದ ಸೀಟು ಕಣ್ಣಿಗೆ ಚುಚ್ಚಿತು.

ಜಿಲ್ಲೆಯಾಚೆಯ ಪಟ್ಟಣವೊಂದರ ಸೀಟಿನ ಅಂಗಡಿಗೆ ಹೋದೆ; ಹೆಸರು ಬೇಡ. ಅಂಗಡಿಯವರು ಮೊದಲು ತೋರಿಸಿದ್ದು ಕೆಳಗೆ ಎರಡು ದಪ್ಪ ಸ್ಪ್ರಿಂಗುಗಳಿರುವ ಒಂಟಿ ಸೀಟು. ಹಳೆಯ ಗಾಡಿಗೆ ಇದೇ ಶೋಭೆ ಎಂದು ಈಗ ಅನೇಕರು ಇದನ್ನು ಹಾಕಿಸುತ್ತಾರೆ. ಆದರೆ ಇಂಥ ಸೀಟು ಹುಟ್ಟಿದ್ದು ಹಿಂಚಕ್ರಕ್ಕೆ ಸಸ್ಪೆನ್ಷನ್ನೇ ಇಲ್ಲದ ಬೈಕುಗಳ ಕಾಲದಲ್ಲಿ. ರಸ್ತೆಯ ಹೊಡೆತವನ್ನೆಲ್ಲ ಸೀಟೇ ನುಂಗಬೇಕಾಗಿದ್ದುದರಿಂದ ಅದಕ್ಕೆ ಸ್ಪ್ರಿಂಗ್ ಬೇಕಾಗಿತ್ತು. ಬುಲೆಟ್ಟಿಗೆ 1940ರ ದಶಕದ ಕೊನೆಯಲ್ಲೇ ಹಿಂದೆ ಸ್ವಿಂಗ್ ಆರ್ಮ್ (ಹಿಂಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ತೋಳು) ಮತ್ತು ಶಾಕ್ ಅಬ್ಸಾರ್ಬರ್ ಬಂದಿತ್ತು. ಮದ್ರಾಸಿನಲ್ಲಿ 1955ರಿಂದ ಜೋಡಣೆಯಾದ ಬುಲೆಟ್ಟುಗಳೆಲ್ಲ ಈ ಬಗೆಯವೇ. ಶಾಕ್ ಅಬ್ಸಾರ್ಬರಿನ ಮೇಲೆ ಸ್ಪ್ರಿಂಗ್ ಸೀಟನ್ನೂ ಕೂರಿಸಿದರೆ ಗಾಡಿ ಒಂದು ತಾಳದಲ್ಲಿ, ಸವಾರ ಇನ್ನೊಂದು ತಾಳದಲ್ಲಿ ಕುಣಿಯುತ್ತಾರೆ. ಸ್ನೇಹಿತರೊಬ್ಬರ ಗಾಡಿಯಲ್ಲಿ ಇದನ್ನು ಅನುಭವಿಸಿದ್ದರಿಂದ ನಾನು ಬೇಡವೆಂದೆ. ಅಷ್ಟು ಬುದ್ಧಿ ಇದ್ದವನು ಮುಂದಿನದಕ್ಕೆ ಹೇಗೆ ಮರುಳಾದೆನೋ!

ಮುಂದಿನದು ಅಗಲವಾದ, ದಪ್ಪ ಸೀಟು. ಎರಡು ಅಂಗುಲ ಹೆಚ್ಚಿನ ಫೋಮ್, ಅದರೊಳಗೆ ಜೆಲ್. "ಹೆಬ್ಬೆರಳಲ್ಲಿ ಒತ್ತಿ ನೋಡಿ ಸಾರ್, ಮನೆ ಸೋಫಾನೂ ಇಷ್ಟು ಮೆತ್ತಗಿರಲ್ಲ" ಎಂದರು. ಒತ್ತಿದೆ, ಬೆರಳು ಹೂತುಹೋಯಿತು. ಐದು ನಿಮಿಷ ಅಂಗಡಿಯ ಮುಂದೆಯೇ ಗಾಡಿಯ ಮೇಲೆ ಕುಳಿತೆ, ಹಿತವೆನಿಸಿತು. ಹಳೆಯ ಸೀಟು ಬಿಟ್ಟುಹೋದರೆ 500 ರೂಪಾಯಿ ಕಡಿಮೆ ಮಾಡುವುದಾಗಿ ಹೇಳಿದರು. ಮಳೆ ಶುರುವಾಗಿತ್ತು, ಅದನ್ನು ಹೊತ್ತು ತರುವುದು ಹೇಗೆಂದು ಯೋಚಿಸಿ ಒಪ್ಪಿದೆ. ಅದನ್ನು ಕಳೆದು ನಾನು ಕೊಟ್ಟದ್ದು 6,500.

ತುಲಾ ಸಂಕ್ರಮಣದ ಜನಜಂಗುಳಿ ತಗ್ಗಿದ ಮೇಲೆ, ಮಡದಿಯನ್ನು ಹಿಂದೆ ಕೂರಿಸಿಕೊಂಡು ತಲಕಾವೇರಿಗೆ ಹೊರಟೆ. ಮೂರ್ನಾಡು ದಾಟುವವರೆಗೂ ಸೀಟನ್ನು ಹೊಗಳುತ್ತಲೇ ಇದ್ದೆ. ಮಡಿಕೇರಿಯಲ್ಲಿ ಕಾಫಿಗೆ ಇಳಿದಾಗ ತೊಡೆಯ ಹಿಂಭಾಗ ಜೋಮು ಹಿಡಿದು, ನಾಲ್ಕು ಹೆಜ್ಜೆ ಕುಂಟಬೇಕಾಯಿತು. ಕಾರಣ ಆಮೇಲೆ ತಿಳಿಯಿತು. ನಾವು ನೆಟ್ಟಗೆ ಕುಳಿತಾಗ ದೇಹದ ಭಾರ ಪೃಷ್ಠದ ಕೆಳಗಿನ ಎರಡು ಮೂಳೆಗಳ ಮೇಲೆ ನಿಲ್ಲಬೇಕು. ಸೀಟು ಆ ಮೂಳೆಗಳನ್ನು ಹಿಡಿದು ನಿಲ್ಲಿಸುವಷ್ಟು ಗಟ್ಟಿಯಿಲ್ಲದಿದ್ದರೆ ಅವು ಫೋಮಿನೊಳಗೆ ಹೂತು, ನಡುವಿನ ಮೆದು ಮಾಂಸದ ಮೇಲೂ ಬಾಲಮೂಳೆಯ ಮೇಲೂ ಭಾರ ಬೀಳುತ್ತದೆ, ಅಲ್ಲಿಯ ನರ ಮತ್ತು ರಕ್ತನಾಳಗಳು ಅದುಮಿಹೋಗುತ್ತವೆ. ಬುಲೆಟ್ಟಿನದು 70 ಮಿಲಿಮೀಟರ್ ಅಗಲದ ಸಿಲಿಂಡರಿನೊಳಗೆ 90 ಮಿಲಿಮೀಟರ್ ಓಡುವ ಒಂಟಿ ಪಿಸ್ಟನ್. ಫೋಮ್ ಪೂರ್ತಿ ಅದುಮಿಹೋದ ಮೇಲೆ ಆ ಪಿಸ್ಟನ್ನಿನ ಅದುರು ತಳದಿಂದ ನೇರವಾಗಿ ಬೆನ್ನುಮೂಳೆಗೇ ಬರುತ್ತದೆ.

ಇಳಿಜಾರು ಬಂದಾಗ ಇನ್ನೊಂದು ದೋಷ ಹೊರಬಿತ್ತು. ಸೀಟಿನ ಮುಂಭಾಗ ತಗ್ಗಾಗಿದ್ದುದರಿಂದ ಪ್ರತಿ ತಿರುವಿನಲ್ಲೂ ನಾನು ಟ್ಯಾಂಕಿನತ್ತ ಜಾರುತ್ತಿದ್ದೆ. ಜಾರದಂತೆ ತಡೆಯಲು ಹ್ಯಾಂಡಲಿಗೆ ಕೈಯೂರಿ ಊರಿ ಭಾಗಮಂಡಲ ತಲುಪುವ ಹೊತ್ತಿಗೆ ಮಣಿಕಟ್ಟು ಸೋತುಹೋಗಿತ್ತು. ಹಿಂದೆ ಕುಳಿತವಳ ಭಾರವೂ ನನ್ನ ಮೇಲೆಯೇ ಬರುತ್ತಿತ್ತು. ಅವಳ ಟೀಕೆಗಳನ್ನು ಇಲ್ಲಿ ಬರೆಯುವುದಿಲ್ಲ.

ಬಿದ್ದದ್ದು ಭಾಗಮಂಡಲದಿಂದ ತಲಕಾವೇರಿಗೆ ಹೋಗುವ ಎಂಟು ಕಿಲೋಮೀಟರ್ ಏರಿನಲ್ಲಿ. ಮುಂದಿನ ಜೀಪು ಒದ್ದೆ ತಿರುವಿನಲ್ಲಿ ಥಟ್ಟನೆ ನಿಂತಿತು. ಹಳೆಯ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಹಾಗಾಗಿ ಏರಿನಲ್ಲಿ ನಿಲ್ಲಬೇಕಾದರೆ ಎಡಗಾಲು ಬ್ರೇಕಿನ ಮೇಲೇ ಇದ್ದು, ನೆಲಕ್ಕೆ ಊರಬೇಕಾದದ್ದು ಬಲಗಾಲು. ಮೂವತ್ತು ವರ್ಷದ ಅಭ್ಯಾಸದಂತೆ ಬಲಗಾಲು ಚಾಚಿದೆ, ನೆಲ ಸಿಗಲಿಲ್ಲ. ಸೀಟು ಎತ್ತರವಾದದ್ದು ಒಂದು ಪಾಲು. ಅಗಲವಾದ ಅದರ ಅಂಚು ತೊಡೆಯನ್ನು ಹೊರಕ್ಕೆ ತಳ್ಳಿ ಕಾಲಿನ ಉದ್ದವನ್ನೇ ಕಡಿಮೆ ಮಾಡಿದ್ದು ಇನ್ನೊಂದು ಪಾಲು. ರಸ್ತೆಯೂ ಬಲಕ್ಕೆ ವಾಲಿತ್ತು. 160 ಕಿಲೋ ಮೀರಿದ ಗಾಡಿ ಒಮ್ಮೆ ವಾಲಿದರೆ ಬೆರಳತುದಿಯಲ್ಲಿ ಹಿಡಿದು ನಿಲ್ಲಿಸಲಾಗುವುದಿಲ್ಲ. ಮಡದಿಯ ಅಂಗೈ ತರಚಿತು, ನನ್ನ ಪಾದದ ಕೀಲು ಉಳುಕಿತು, ಗೇರ್ ಲಿವರು ಬಾಗಿ ಎಂಜಿನ್ನಿಗೆ ಅಂಟಿಕೊಂಡಿತು. ಜೀಪಿನಲ್ಲಿದ್ದವರೇ ಇಳಿದುಬಂದು ಎತ್ತಿದರು.

ಹಿಂದಿರುಗುವಾಗ ಮಳೆ. ಮನೆಗೆ ಬಂದು ಸೀಟು ಒರೆಸಿ ಶೆಡ್ಡಿನಲ್ಲಿಟ್ಟು, ಮೂರನೆಯ ದಿನ ಕುಳಿತರೆ ಪ್ಯಾಂಟು ಒದ್ದೆಯಾಯಿತು. ಮೇಲೆ ಒಣಗಿದ್ದ ಸೀಟು ಒಳಗೆ ನೀರು ತುಂಬಿಕೊಂಡಿತ್ತು. ವಾರದಲ್ಲಿ ಹೊಲಿಗೆಯ ಉದ್ದಕ್ಕೂ ಬಿಳಿ ಬೂಷ್ಟು. ಅಂದು ಸ್ಕ್ರೂಡ್ರೈವರ್ ಹಿಡಿದು ಕುಳಿತು ಪಿನ್ನುಗಳನ್ನು ಒಂದೊಂದಾಗಿ ಎಬ್ಬಿಸಿ ರೆಕ್ಸಿನ್ ಬಿಚ್ಚಿದೆ. ಮೇಲೊಂದು ತೆಳುವಾದ ಮೆದು ಸ್ಪಂಜು, ಅದರ ಕೆಳಗೆ ನೀಲಿ, ಗುಲಾಬಿ, ಹಸಿರು ಚೂರುಗಳನ್ನು ಅಂಟಿಸಿ ಮಾಡಿದ ಫೋಮು, ನಡುವೆ ದೋಸೆಯಷ್ಟು ತೆಳ್ಳಗೆ ಅಂಗೈಯಗಲದ ಒಂದು ತುಂಡು ಜೆಲ್. ತಳ ತಗಡಿನದಲ್ಲ, ಪ್ಲೈವುಡ್. ನೀರು ಕುಡಿದು ಊದಿ ಪದರ ಬಿಟ್ಟುಕೊಂಡಿತ್ತು. ಫೋಮನ್ನು ಹಿಂಡಿದರೆ ಲೋಟದಷ್ಟು ಕೆಂಪು ನೀರು ಇಳಿಯಿತು, ಪಿನ್ನುಗಳ ತುಕ್ಕು.

ಅದನ್ನೆತ್ತಿಕೊಂಡು ವಿರಾಜಪೇಟೆಯಲ್ಲಿ ಜೀಪಿನ ಹುಡ್ಡು, ಸೀಟು ಹೊಲಿಯುವ ಹಿರಿಯರೊಬ್ಬರ ಬಳಿ ಹೋದೆ. "ಕಾಕಾ, ಇದನ್ನು ಸರಿಮಾಡಲು ಆಗುತ್ತದೆಯೇ?" ಎಂದು ಕೇಳಿದ್ದಕ್ಕೆ ಅವರು ಸೀಟನ್ನು ನೋಡದೆ ನನ್ನನ್ನೇ ನೋಡಿ, "ಕೊಳ್ಳುವಾಗ ಎಷ್ಟು ಹೊತ್ತು ಕೂತು ನೋಡಿದ್ರಿ ಸಾರ್?" ಎಂದರು. ಐದು ನಿಮಿಷ ಎಂದೆ. "ಐದು ನಿಮಿಷಕ್ಕೆ ಎಲ್ಲಾ ಸೀಟೂ ಚೆನ್ನಾಗೇ ಇರುತ್ತೆ" ಎಂದು ನಕ್ಕರು.

ಅವರು ಮಾಡಿದ ಕೆಲಸವನ್ನು ವಿವರವಾಗಿಯೇ ಹೇಳುತ್ತೇನೆ, ಬೇರೆಯವರಿಗೆ ಅಳತೆಗೋಲಾಗಬಹುದು. ತಗಡು ಕತ್ತರಿಸಿ ಹೊಸ ತಳ ಮಾಡಿಸಿ, ರೆಡ್ ಆಕ್ಸೈಡ್ ಬಳಿದು, ನೀರಿಳಿಯಲು ನಾಲ್ಕು ತೂತು ಹೊಡೆಸಿದರು. ಚಾಸಿಗೆ ತಾಗುವೆಡೆ ರಬ್ಬರ್ ಬುಷ್ ಕೂರಿಸಿದರು. ಗಟ್ಟಿ ಫೋಮಿನ ಒಂದು ಪದರ ಅಂಟಿಸಿ, ರೆಕ್ಸಿನ್ ಹಾಕದೆ, ಹಾಗೆಯೇ ಮೇಲೊಂದು ಗೋಣಿ ಕಟ್ಟಿ ಗೋಣಿಕೊಪ್ಪದವರೆಗೆ ಹೋಗಿಬರಲು ಹೇಳಿದರು. ಬಂದ ಮೇಲೆ ಎಲ್ಲಿ ಒತ್ತಿತೆಂದು ಕೇಳಿ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಹ್ಯಾಕ್ಸಾ ಬ್ಲೇಡಿನಲ್ಲಿ ಅಲ್ಲಷ್ಟೇ ತೆಳುವಾಗಿ ಕೊಯ್ದರು; ಮುಂದಿನ ಎರಡು ಮೂಲೆಗಳನ್ನು ಕಾಲಿಳಿಯುವಂತೆ ಒಳಕ್ಕೆ ತೆಗೆದರು, ಕೂರುವ ಜಾಗವನ್ನು ಮಟ್ಟ ಮಾಡಿದರು. ಹೀಗೆ ಮೂರು ಸಲ. ಕೊನೆಗೆ ಅರ್ಧ ಅಂಗುಲದ ಮೆದು ಫೋಮ್, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಆಮೇಲೆ ರೆಕ್ಸಿನ್. ಹೊಲಿಗೆಯನ್ನು ಕೂರುವ ಜಾಗದಲ್ಲಿ ಹಾಯಿಸದೆ ಪಕ್ಕದ ಅಂಚಿಗೆ ಸರಿಸಿದರು. ಸೂಜಿ ಹೊಕ್ಕ ಪ್ರತಿ ತೂತೂ ಮಳೆಗೆ ಬಾಗಿಲು ಎಂಬುದು ಅವರ ಲೆಕ್ಕ. ಈ ಸೀಟನ್ನು ಹೆಬ್ಬೆರಳಲ್ಲಿ ಒತ್ತಿದರೆ ಯಾರಿಗೂ ಇಷ್ಟವಾಗದು. ವಿರಾಜಪೇಟೆಯಿಂದ ಮೈಸೂರಿಗೆ ಎರಡು ಸಲ ಹೋಗಿಬಂದಿದ್ದೇನೆ, ಜೋಮು ಹಿಡಿದಿಲ್ಲ.

ಫೋಮ್ ಕೊಳ್ಳುವಾಗ ಅಂಗಡಿಯವರು ಹೇಳುವ ಅಂಕಿಯ ವಿಷಯದಲ್ಲೂ ಎಚ್ಚರ ಬೇಕು. 40 ಡೆನ್ಸಿಟಿ ಎಂದರೆ ಆ ಫೋಮು ಒಂದು ಘನ ಮೀಟರಿಗೆ 40 ಕಿಲೋ ತೂಗುತ್ತದೆ ಎಂದಷ್ಟೇ ಅರ್ಥ. ಗಡಸುತನದ ಅಳತೆಯೇ ಬೇರೆ. ಒಂದೇ ಡೆನ್ಸಿಟಿಯಲ್ಲಿ ಗಟ್ಟಿಯೂ ಮೆದುವೂ ಸಿಗುತ್ತದೆ. ಡೆನ್ಸಿಟಿ ಹೆಚ್ಚಿದ್ದರೆ ಸಾಮಾನ್ಯವಾಗಿ ಬಾಳಿಕೆ ಹೆಚ್ಚು, ಬೇಗ ಕುಗ್ಗುವುದಿಲ್ಲ. ಮೆಮೊರಿ ಫೋಮ್ ಎಂಬುದು ಮೈಶಾಖಕ್ಕೆ ಮೆತ್ತಗಾಗಿ ಚಳಿಗೆ ಸೆಟೆಯುವ ವಸ್ತು. ಮಡಿಕೇರಿಯ ಡಿಸೆಂಬರ್ ಬೆಳಗಿನಲ್ಲಿ ಅದರ ಮೇಲೆ ಕೂರುವುದು ಹಲಗೆಯ ಮೇಲೆ ಕೂತಂತೆಯೇ.

ಹಳೆಯ ಸೀಟನ್ನು ಮರಳಿ ಕೇಳಲು ಆ ಅಂಗಡಿಗೆ ಹೋದೆ. ಬಿಲ್ಲಿನಲ್ಲಿ 'ಸೀಟ್ ಕೆಲಸ' ಎಂಬ ಎರಡೇ ಪದಗಳಿದ್ದವು. ಯಾವ ಫೋಮು, ಎಂಥ ತಳ, ಹಳೆಯದನ್ನು ಪಡೆದದ್ದು, ಯಾವುದೂ ಇರಲಿಲ್ಲ. ಹಣದ ಮಾತೆತ್ತಿದಾಗ ಆ ಬಿಲ್ಲನ್ನೇ ನನಗೆ ತೋರಿಸಿದರು. ಹಳೆಯ ಸೀಟು ಅಂದೇ ಗುಜರಿಗೆ ಹೋಯಿತೆಂದರು. ಅವರು ಹಾಗೆನ್ನುವಾಗ ಅವರ ಹಿಂದಿನ ಗೋಡೆಯಲ್ಲಿ ಹೊಸ ರೆಕ್ಸಿನ್ ಹೊದಿಸಿದ ಬುಲೆಟ್ ಸೀಟೊಂದು ತೂಗುತ್ತಿತ್ತು. ಅದರ ತಳ ಹಳೆಯ ತಗಡು, ಮೇಲೆ 'ಒರಿಜಿನಲ್, 7,000' ಎಂಬ ಚೀಟಿ. ನಮ್ಮ ತಂದೆಯವರು ಸೀಟಿನ ಅಡಿಯಲ್ಲಿ ಗಾಡಿಯ ನಂಬರನ್ನು ಬಿಳಿ ಬಣ್ಣದಲ್ಲಿ ಬರೆಸಿದ್ದರು. ಒಮ್ಮೆ ಕೆಳಗಿಳಿಸಿ ತಿರುಗಿಸಿ ತೋರಿಸಿ ಎಂದೆ. ಅದು ಬೇರೆಯವರ ಆರ್ಡರ್, ಮುಟ್ಟುವಂತಿಲ್ಲ ಎಂದರು.