ಆಳು ಹಿಡಿಯೋದಾ, ಜಾಗ ಹಿಡಿಯೋದಾ? ಕಾರ್ನರ್ ಎದುರು ನಮ್ಮ ಒಂದು ಸೀಸನ್

2018ರ ಮಾರ್ಚ್ 17, ಕಂಠೀರವದಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫುಟ್‌ಬಾಲ್ ಫೈನಲ್. ಒಂಬತ್ತನೇ ನಿಮಿಷಕ್ಕೇ ನಮ್ಮ ಬೆಂಗಳೂರು ತಂಡದ ಸುನಿಲ್ ಛೆಟ್ರಿ ಗೋಲು ಹೊಡೆದಾಗ ಪಕ್ಕದಲ್ಲಿದ್ದ ಗುರುತು ಪರಿಚಯವಿಲ್ಲದವನನ್ನು ತಬ್ಬಿಕೊಂಡಿದ್ದೆ. ಆಮೇಲೆ ಎದುರಾಳಿ ಚೆನ್ನೈಯಿನ್‌ಗೊಂದು ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಚೆಂಡು ಒದೆಯುವ ಅವಕಾಶ. ಗ್ರೆಗರಿ ನೆಲ್ಸನ್ ಒದ್ದ, ಮೈಲ್ಸನ್ ಆಲ್ವೆಸ್ ತಲೆ ಕೊಟ್ಟ, ಗೋಲು. ಮೊದಲಾರ್ಧ ಮುಗಿಯುವ ಹೊತ್ತಿಗೆ ಇನ್ನೊಂದು ಕಾರ್ನರ್. ಅದೇ ಕಾಲು, ಅದೇ ತಲೆ. 3-2ಕ್ಕೆ ಸೋತು ಮನೆಗೆ ಬಂದೆವು. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದೇ, ಮುಂಬೈಯಲ್ಲಿ ಗೋವಾ ಎದುರು 117ನೇ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊನ ಕಾರ್ನರ್‌ಗೆ ರಾಹುಲ್ ಭೇಕೆ ತಲೆ ಕೊಟ್ಟ, ಬೆಂಗಳೂರಿಗೆ ಕಪ್ ಬಂತು. ಒಂದು ಫೈನಲ್ ಕಾರ್ನರ್‌ನಿಂದ ಹೋಯಿತು, ಇನ್ನೊಂದು ಕಾರ್ನರ್‌ನಿಂದಲೇ ಸಿಕ್ಕಿತು.

ಇದನ್ನು ನೆನೆಯಲು ಕಾರಣವಿದೆ. ಭಾನುವಾರಗಳಲ್ಲಿ ನಾನೊಂದು ಹುಡುಗರ ತಂಡವನ್ನು ನೋಡಿಕೊಳ್ಳುತ್ತೇನೆ. ಎಲ್ಲರೂ ಹದಿನೆಂಟರೊಳಗಿನವರು. ಮೈದಾನ ಕೆಂಪು ಮಣ್ಣಿನದು. ಹುಡುಗರು ಕನ್ನಡ, ತಮಿಳು, ಉರ್ದು ಕಲಸಿ ಮಾತಾಡುತ್ತಾರೆ, ನನ್ನನ್ನು ಅಣ್ಣ ಅನ್ನುತ್ತಾರೆ. ಕಳೆದದ್ದಕ್ಕೂ ಹಿಂದಿನ ಸೀಸನ್ನಿನಲ್ಲಿ ನಮ್ಮ ಮೇಲೆ ಬಿದ್ದ ಗೋಲುಗಳಲ್ಲಿ ಮೂರರಲ್ಲೊಂದು ಕಾರ್ನರ್‌ನಿಂದ ಬಂದಿತ್ತು. ವೃತ್ತಿಪರ ಆಟದಲ್ಲಿ ನೂರು ಕಾರ್ನರ್‌ಗೆ ಮೂರೋ ನಾಲ್ಕೋ ಗೋಲು ಬೀಳುವುದು. ನಮ್ಮಲ್ಲಿ ಕಾರ್ನರ್ ಸಿಕ್ಕಿತೆಂದರೆ ಎದುರಾಳಿಗಳು ಆಗಲೇ ಕುಣಿಯಲು ಶುರು ಮಾಡುತ್ತಿದ್ದರು. ಹಾಗಾಗಿ ಕಳೆದ ಸೀಸನ್ ಪೂರ್ತಿ ಮೂರು ಪದ್ಧತಿಗಳನ್ನು ಒಂದಾದ ಮೇಲೊಂದು ಆಡಿಸಿ, ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುತ್ತಾ ಹೋದೆ.

ಮೊದಲು ಮ್ಯಾನ್ ಮಾರ್ಕಿಂಗ್. ನಾನು ಆಡುತ್ತಿದ್ದ ಕಾಲದಲ್ಲಿ ಇದಕ್ಕೆ ಹೆಸರೇ ಬೇಕಿರಲಿಲ್ಲ. ಕಾರ್ನರ್ ಬಂತೆಂದರೆ ಸ್ಟಾಪರ್ (ಗೋಲಿನ ಮುಂದೆ ನಿಂತು ತಡೆಯುವವ) ಆದ ನಾನು "ಒಬ್ಬೊಬ್ಬರನ್ನ ಹಿಡ್ಕೊಳ್ರೋ" ಅಂತ ಕೂಗುತ್ತಿದ್ದೆ, ಅಷ್ಟೇ ತಂತ್ರ. ಹೇಳಿಕೊಡಲು ಇದಕ್ಕಿಂತ ಸುಲಭದ್ದು ಯಾವುದೂ ಇಲ್ಲ. "ನಿನ್ನ ಆಳು ಒಂಬತ್ತನೇ ನಂಬರು, ಅವನು ನೀರು ಕುಡಿಯೋಕೆ ಹೋದರೂ ಬಿಡಬೇಡ" ಅಂದರೆ ಅವತ್ತೇ ಸೇರಿದ ಹುಡುಗನಿಗೂ ಅರ್ಥವಾಗುತ್ತದೆ. ಗೋಲು ಬಿದ್ದರೆ ಯಾರ ಆಳು ಹೊಡೆದದ್ದು ಅನ್ನುವುದೂ ಎಲ್ಲರಿಗೂ ಗೊತ್ತು. ಇದು ಒಳ್ಳೆಯದೋ ಕೆಟ್ಟದ್ದೋ ಅಂತ ಸೀಸನ್ನಿನ ನಡುವೆ ನನಗೇ ಅನುಮಾನ ಶುರುವಾಯಿತು. ಒಂದು ಪಂದ್ಯದಲ್ಲಿ ತನ್ನ ಆಳನ್ನು ಬಿಟ್ಟ ಹುಡುಗ ಮುಂದಿನ ಎರಡು ಭಾನುವಾರ ಬರಲೇ ಇಲ್ಲ.

ತೊಂದರೆ ಎಲ್ಲಿ ಅಂದರೆ, ಆಳನ್ನು ನೋಡುವವನು ಚೆಂಡನ್ನು ನೋಡಲಾರ. ಎರಡನ್ನೂ ನೋಡುವ ಹಾಗೆ ಓರೆಯಾಗಿ ನಿಲ್ಲಬೇಕು ಅಂತ ಹೇಳುವುದು ಸುಲಭ. ಮಾಡುವ ಹೊತ್ತಿಗೆ ಹುಡುಗರು ಆಳಿನ ಮುಖವನ್ನೇ ದಿಟ್ಟಿಸುತ್ತಾ ಚೆಂಡಿಗೆ ಬೆನ್ನು ತಿರುಗಿಸಿಬಿಡುತ್ತಾರೆ. ಎರಡನೆಯದು ಬ್ಲಾಕ್, ಅಂದರೆ ಹಿಡಿಯುವವನ ದಾರಿಗೆ ಅಡ್ಡ ಬರುವುದು. ಎದುರು ತಂಡದವರು ನಾಲ್ಕು ಜನ ಒಂದೇ ಕಡೆ ಗುಂಪು ಕಟ್ಟಿ, ಚೆಂಡು ಏಳುವ ಕ್ಷಣಕ್ಕೆ ನಾಲ್ಕು ದಿಕ್ಕಿಗೆ ಚದುರುತ್ತಾರೆ. ನಮ್ಮವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾರೆ. ದೊಡ್ಡವರಿಗೂ ಇದೇ ಗತಿ. 2014ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಜರ್ಮನಿ ಬ್ರೆಜಿಲ್‌ಗೆ 7-1 ಬಡಿಯಿತಲ್ಲ, ಅದರ ಮೊದಲ ಗೋಲು 11ನೇ ನಿಮಿಷದ ಕಾರ್ನರ್. ಕ್ರೂಸ್ ಒದ್ದ. ಮ್ಯುಲ್ಲರ್‌ನ ಹಿಂದೆ ಹೋಗಬೇಕಿದ್ದ ಡೇವಿಡ್ ಲೂಯಿಜ್ ಜನರ ನಡುವೆ ಸಿಕ್ಕಿಕೊಂಡ. ಮ್ಯುಲ್ಲರ್ ಒಬ್ಬನೇ ನಿಂತು ಆರಾಮಾಗಿ ಕಾಲು ಕೊಟ್ಟ. ಇನ್ನು ಅಂಗಿ ಜಗ್ಗುವ ಚಾಳಿ. 2018ರ ವಿಶ್ವಕಪ್‌ನಲ್ಲಿ ಕೊಲಂಬಿಯಾದ ಕಾರ್ಲೋಸ್ ಸ್ಯಾಂಚೆಸ್ ಕಾರ್ನರ್‌ನಲ್ಲಿ ಹ್ಯಾರಿ ಕೇನ್‌ನನ್ನು ಕೆಡವಿ ಪೆನಾಲ್ಟಿ ಕೊಟ್ಟಿದ್ದ. ನಮ್ಮ ರೆಫರಿಗಳು ಅಷ್ಟು ಸೂಕ್ಷ್ಮವಾಗಿ ನೋಡುವುದಿಲ್ಲ, ಹಾಗಾಗಿ ನಾವು ಬಚಾವಾದೆವು.

ಆದರೆ ನಮ್ಮನ್ನು ನಿಜವಾಗಿ ಕೊಂದದ್ದು ಬದಲಿ ಆಟಗಾರರು. ನಮ್ಮ ಮಟ್ಟದ ಪಂದ್ಯಗಳಲ್ಲಿ ಎಷ್ಟು ಜನರನ್ನು ಬೇಕಾದರೂ ಇಳಿಸಬಹುದು. ಒಂದು ತಂಡ ಕಾರ್ನರ್ ಸಿಕ್ಕಿದ ಕೂಡಲೇ ಬೆಂಚಿನಿಂದ ಆರಡಿ ಹುಡುಗನೊಬ್ಬನನ್ನು ಕಳಿಸಿತು. ಅವನನ್ನು ಯಾರು ಹಿಡಿಯಬೇಕು ಅಂತ ನಮ್ಮವರು ಚರ್ಚೆ ಮಾಡುತ್ತಿರುವಾಗಲೇ ಚೆಂಡು ಅವನ ಹಣೆಗೆ ಬಂತು. ಆ ಹುಡುಗ ಗೋಲು ಹೊಡೆದು ಮತ್ತೆ ಬೆಂಚಿಗೆ ಹೋದ! ಎಂಟು ಪಂದ್ಯ, 41 ಕಾರ್ನರ್, ಐದು ಗೋಲು. ಮ್ಯಾನ್ ಮಾರ್ಕಿಂಗಿನ ಲೆಕ್ಕ ಅಲ್ಲಿಗೆ ನಿಲ್ಲಿಸಿದೆ.

ಆಮೇಲೆ ಝೋನಲ್. ಆಳನ್ನು ಮರೆತು ಜಾಗ ಕಾಯುವುದು. ಗೋಲಿನ ಮುಂದಿನ ಸಣ್ಣ ಬಾಕ್ಸಿನ ಅಗಲ 18.32 ಮೀಟರ್. ಆ ಗೆರೆಯ ಉದ್ದಕ್ಕೂ ಐದು ನೀರಿನ ಬಾಟಲಿ ಇಟ್ಟು ಐದು ಹುಡುಗರಿಗೆ ಹಂಚಿದೆ. ಅವರ ಮುಂದೆ ಪೆನಾಲ್ಟಿ ಸ್ಪಾಟಿನ ಹತ್ತಿರ ಇನ್ನು ಮೂವರು. "ನಿನ್ನ ಬಾಟಲಿ ಹತ್ತಿರ ಬಂದ ಚೆಂಡು ನಿಂದು. ಯಾರು ಬಂದರು, ಹೋದರು, ನಿನಗೆ ಬೇಡ." ಮೊದಲ ವಾರದಲ್ಲೇ ಒಂದು ಬದಲಾವಣೆ ಕಂಡೆ: ಎಲ್ಲರ ಮುಖವೂ ಚೆಂಡಿನ ಕಡೆ ಇತ್ತು. ಬ್ಲಾಕ್ ಮಾಡಲು ಬಂದವರಿಗೆ ಮಾಡುವುದಕ್ಕೆ ಕೆಲಸವೇ ಇರಲಿಲ್ಲ. ಬದಲಿ ಆಟಗಾರನ ತಲೆನೋವೂ ಹೋಯಿತು. ನಮ್ಮವನು ಹೊರಗೆ ಹೋದರೆ ಬಂದವನಿಗೆ "ಎರಡನೇ ಬಾಟಲಿ" ಅಂದರೆ ಮುಗಿಯಿತು.

ಓದಿದವರು ಝೋನಲ್ ಕಷ್ಟ, ಬಹಳ ಅಭ್ಯಾಸ ಬೇಕು ಅನ್ನುತ್ತಾರೆ. ನನಗೆ ಕಲಿಸುವುದು ಕಷ್ಟವಾಗಲಿಲ್ಲ, ನಂಬಿಸುವುದು ಕಷ್ಟವಾಯಿತು. ಎದುರಾಳಿಯ ಸ್ಟ್ರೈಕರ್ ಒಬ್ಬನೇ ನಿಂತಿರುವುದನ್ನು ನೋಡಿಕೊಂಡು ತನ್ನ ಜಾಗದಲ್ಲೇ ಸುಮ್ಮನೆ ನಿಲ್ಲುವುದು ಹದಿನಾರರ ಹುಡುಗನ ಕೈಲಾಗದ ಕೆಲಸ. ದಂಡೆಯಲ್ಲಿ ನಿಂತ ಅಪ್ಪಂದಿರೂ "ಅವನನ್ನ ಹಿಡಿಯೋ, ಒಬ್ನೇ ಇದಾನೆ" ಅಂತ ಕೂಗುತ್ತಿದ್ದರು. ಅವರದೇನೂ ತಪ್ಪಲ್ಲ. ಲಿವರ್‌ಪೂಲ್‌ನಲ್ಲಿ 2004ರಿಂದ 2010ರವರೆಗೆ ರಫಾ ಬೆನಿಟೆಜ್ ಝೋನಲ್ ಆಡಿಸುತ್ತಿದ್ದಾಗ ಒಂದು ಗೋಲು ಬಿದ್ದರೆ ಸಾಕು, ಟೀವಿಯಲ್ಲಿ ಕೂತ ಪಂಡಿತರು ಪದ್ಧತಿಯನ್ನೇ ಬೈಯುತ್ತಿದ್ದರು. ಮ್ಯಾನ್ ಮಾರ್ಕಿಂಗಿನಲ್ಲಿ ಗೋಲು ಬಿದ್ದರೆ ಮಾತ್ರ ಬೈಗುಳ ಆಟಗಾರನಿಗೆ, ಪದ್ಧತಿಗೆ ಏನೂ ಇಲ್ಲ.

ಝೋನಲ್‌ನ ನಿಜವಾದ ಸಮಸ್ಯೆ ಓಟ. ನಿಂತಲ್ಲೇ ನೆಗೆಯುವವನು ಹತ್ತು ಹೆಜ್ಜೆ ಓಡಿ ಬಂದು ನೆಗೆಯುವವನ ಎತ್ತರ ಮುಟ್ಟಲಾರ. ಇನ್ನೊಂದು, ಎರಡು ಬಾಟಲಿಗಳ ನಡುವಿನ ಜಾಗ. ಅಲ್ಲಿಗೆ ಬಂದ ಚೆಂಡು ಇಬ್ಬರದ್ದೂ ಹೌದು, ಯಾರದ್ದೂ ಅಲ್ಲ. ಗೋಲು ಬಿದ್ದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ.

ಇದಕ್ಕೆ ಸೇರಿಸಬೇಕಾದ, ಯಾವ ಪುಸ್ತಕದಲ್ಲೂ ಇಲ್ಲದ ಸಂಗತಿ ಒಂದಿದೆ. ಝೋನಲ್ ಆಡಿಸಿದ ಆರು ಪಂದ್ಯಗಳಲ್ಲಿ ನಾಲ್ಕು ಮಳೆಗಾಲದವು. ನಮ್ಮ ಮೈದಾನದ ಒಂದು ಗೋಲಿನ ನಿಯರ್ ಪೋಸ್ಟ್ (ಕಾರ್ನರ್ ಒದೆಯುವ ಕಡೆಯ ಗೋಲುಕಂಬ) ಮುಂದೆ ಮೊಣಕಾಲಿನ ಕೆಳಗಿನವರೆಗೂ ನೀರು ನಿಲ್ಲುವ ಗುಂಡಿ. ಮೊದಲ ಬಾಟಲಿಯ ಜಾಗ ಅದೇ. ಆ ಜಾಗದ ಹುಡುಗ ಹೊಸ ಶೂ ಹಾಕಿದ್ದ. ಗುಂಡಿಯ ಪಕ್ಕಕ್ಕೆ, ಅಂದರೆ ಒಂದೂವರೆ ಮೀಟರ್ ಆಚೆ, ನಿಂತ. ಚೆಂಡು ಆ ಒಂದೂವರೆ ಮೀಟರಿನಲ್ಲೇ ಬಂತು. "ಯಾಕೋ ಅಲ್ಲಿ ನಿಂತೆ?" ಅಂದರೆ "ಅಣ್ಣಾ, ಬಾಟಲಿ ತೇಲ್ಕೊಂಡು ಈ ಕಡೆ ಬಂದಿತ್ತು" ಅಂದ. ಬಾಟಲಿ ಅಭ್ಯಾಸಕ್ಕೆ ಮಾತ್ರ, ಪಂದ್ಯದ ದಿನ ಇಡುವುದೇ ಇಲ್ಲ. ಆರು ಪಂದ್ಯ, 34 ಕಾರ್ನರ್, ನಾಲ್ಕು ಗೋಲು. ಮ್ಯಾನ್ ಮಾರ್ಕಿಂಗಿಗೂ ಇದಕ್ಕೂ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ. ಆದರೆ ಝೋನಲ್‌ನಲ್ಲಿ ಬಿದ್ದ ಗೋಲು ನೋಡಲು ಹೆಚ್ಚು ಅಸಹ್ಯ, ಎಂಟು ಜನ ಸುಮ್ಮನೆ ನಿಂತು ನೋಡಿದ ಹಾಗೆ ಕಾಣುತ್ತದೆ.

ಮೂರನೆಯದು ಎರಡನ್ನೂ ಬೆರೆಸಿದ್ದು. ಈಗ ದೊಡ್ಡ ಕ್ಲಬ್ಬುಗಳಲ್ಲಿ ಹೆಚ್ಚಿನವು ಯಾವುದಾದರೂ ಒಂದು ರೂಪದಲ್ಲಿ ಇದನ್ನೇ ಆಡುತ್ತವೆ. ಚೆಂಡಿಗೆ ತಲೆ ಕೊಡಲು ಹೆದರದ ಮೂವರು ಸಣ್ಣ ಬಾಕ್ಸಿನ ಗೆರೆಯಲ್ಲಿ: ಒಬ್ಬ ನಿಯರ್ ಪೋಸ್ಟಿಗೆ, ಒಬ್ಬ ನಡುವಿಗೆ, ಒಬ್ಬ ಬ್ಯಾಕ್ ಪೋಸ್ಟಿಗೆ, ಅಂದರೆ ಆಚೆಯ ಕಂಬಕ್ಕೆ. ಇನ್ನು ಮೂವರು ಎದುರಾಳಿಯ ಮೂರು ಎತ್ತರದ ಆಳುಗಳ ಮೇಲೆ. ಈ ಮೂವರಿಗೆ ಚೆಂಡು ಗೆಲ್ಲುವ ಕೆಲಸವೇ ಇಲ್ಲ; ಓಟ ಕೆಡಿಸಿದರೆ ಸಾಕು. ಇದನ್ನು ವಿವರಿಸಲು ಒದ್ದಾಡುತ್ತಿದ್ದಾಗ ನಮ್ಮ ಲೆಫ್ಟ್ ಬ್ಯಾಕ್ ಹುಡುಗನೇ ಹೇಳಿದ: "ಅಂದ್ರೆ ಬಿಎಂಟಿಸಿ ಬಾಗಿಲಲ್ಲಿ ನಿಲ್ಲೋರ ಥರ ಅಲ್ವಾ ಅಣ್ಣಾ? ಅವರು ಹತ್ತಲ್ಲ, ಇಳಿಯಲ್ಲ, ಹತ್ತೋರನ್ನ ಬಿಡಲ್ಲ." ಅಂದಿನಿಂದ ಆ ಮೂವರಿಗೆ ಡೋರ್ ಅಂತಲೇ ಹೆಸರು. ನಮ್ಮ ಅತಿ ಕುಳ್ಳ ಹುಡುಗ ಅತ್ಯುತ್ತಮ ಡೋರ್ ಆದ. ಮ್ಯಾನ್ ಮಾರ್ಕಿಂಗಿನಲ್ಲಿ ಅವನು ಹೊರೆ, ಝೋನಲ್‌ನಲ್ಲಿ ತೂತು. ಎದೆ ಅಡ್ಡ ಕೊಟ್ಟು ಅರ್ಧ ಸೆಕೆಂಡ್ ತಡ ಮಾಡಿಸುವ ಕೆಲಸಕ್ಕೆ ಮಾತ್ರ ಎತ್ತರ ಬೇಕಿಲ್ಲ.

ಎತ್ತರದ ಬಗ್ಗೆ ಇನ್ನೊಂದು ಮಾತು. 2018ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಗ್ರೀಜ್‌ಮನ್‌ನ ಕಾರ್ನರ್‌ಗೆ ನಿಯರ್ ಪೋಸ್ಟಿನಲ್ಲಿ ಫ್ರಾನ್ಸಿನ ಉಮ್ಟಿಟಿ ತಲೆ ಕೊಟ್ಟಾಗ ಅವನ ಪಕ್ಕದಲ್ಲಿ ನೆಗೆದದ್ದು ಬೆಲ್ಜಿಯಮ್‌ನ ಫೆಲೈನಿ, ಅವನಿಗಿಂತ ಹತ್ತು ಸೆಂಟಿಮೀಟರಿಗೂ ಹೆಚ್ಚು ಎತ್ತರದವನು. ಉಮ್ಟಿಟಿ ಒಂದು ಹೆಜ್ಜೆ ಮೊದಲು ಬಂದಿದ್ದ, ಅಷ್ಟೇ. ಆ ವಿಡಿಯೋವನ್ನು ಹುಡುಗರಿಗೆ ಮೊಬೈಲಿನಲ್ಲಿ ಹತ್ತು ಸಲ ತೋರಿಸಿದೆ. ಅದರ ನಂತರ ನಿಯರ್ ಪೋಸ್ಟಿಗೆ ಎತ್ತರದವನನ್ನಲ್ಲ, ಮೊದಲು ಹೆಜ್ಜೆ ಇಡುವವನನ್ನು ಹಾಕಿದೆ.

ಈ ಪದ್ಧತಿಯಲ್ಲಿ ಒಂಬತ್ತು ಪಂದ್ಯ, 47 ಕಾರ್ನರ್, ಎರಡು ಗೋಲು. ಗೆದ್ದದ್ದು ಇದೇ ಅಂತ ನಾನೂ ಮೊದಲು ಅಂದುಕೊಂಡೆ. ನೋಟ್‌ಬುಕ್ ತಿರುವಿ ಹಾಕಿದಾಗ ಅಷ್ಟು ಸಲೀಸಲ್ಲ ಅನಿಸಿತು. ಒಂದು, ಆ ಹೊತ್ತಿಗೆ ನೆಲ ಒಣಗಿತ್ತು. ಎರಡು, ನಮ್ಮ ಕೀಪರ್ ಬದಲಾಗಿದ್ದ. ಮೊದಲಿನವನು ಗೆರೆಯ ಮೇಲೆ ಬೆಕ್ಕಿನ ಹಾಗೆ ಇದ್ದ, ಆದರೆ ಗೆರೆ ಬಿಟ್ಟು ಬರುತ್ತಿರಲಿಲ್ಲ. ಹೊಸಬ ವಾಲಿಬಾಲ್ ಆಡಿಕೊಂಡಿದ್ದವನು, ಗಾಳಿಯಲ್ಲಿ ಚೆಂಡು ಕಂಡರೆ ಸುಮ್ಮನಿರಲಾರ. ಗುಂಪಿನ ಮೇಲಿಂದ ಬಂದು ಎರಡು ಮುಷ್ಟಿಯಲ್ಲಿ ಗುದ್ದುತ್ತಾನೆ. ಮೂರು, ಇದೇ ಮುಖ್ಯ, ನಾನು ಮುಂದೆ ಬಿಡುವ ಜನರ ಸಂಖ್ಯೆ ಹೆಚ್ಚಿಸಿದ್ದೆ.

ಮೊದಲ ಎರಡು ಪದ್ಧತಿಗಳಲ್ಲಿ ಕಾರ್ನರ್ ಬಂದಾಗ ಹೆಚ್ಚೆಂದರೆ ಒಬ್ಬ ಮುಂದೆ ಇರುತ್ತಿದ್ದ, ಉಳಿದವರೆಲ್ಲ ಬಾಕ್ಸಿನೊಳಗೆ. ಹೆಚ್ಚು ಜನ ಇದ್ದರೆ ಹೆಚ್ಚು ಭದ್ರ ಅನ್ನುವ ಲೆಕ್ಕ. ಮೂರನೆಯದರಲ್ಲಿ ಒಂದು ದಿನ ಸಿಟ್ಟಿನಲ್ಲೇ (ಇಬ್ಬರು ಹುಡುಗರು ಮಾತು ಕೇಳುತ್ತಿರಲಿಲ್ಲ, "ಹೋಗಿ ಅಲ್ಲಿ ನಿಲ್ರಪ್ಪಾ" ಅಂತ ಅಟ್ಟಿದೆ) ಮೂವರನ್ನು ನಡುಗೆರೆಗೆ ಕಳಿಸಿದೆ. ಎದುರು ತಂಡ ತಕ್ಷಣ ನಾಲ್ವರನ್ನು ಹಿಂದಕ್ಕೆ ಎಳೆದುಕೊಂಡಿತು, ಅದರಲ್ಲಿ ಇಬ್ಬರು ಅವರ ಎತ್ತರದ ಸ್ಟಾಪರ್‌ಗಳು! ಬಾಕ್ಸಿನಲ್ಲಿ ಗಾಳಿ ಆಡುವಷ್ಟು ಜಾಗವಾಯಿತು. ಕೀಪರ್‌ಗೆ ಬರಲು ದಾರಿ ಸಿಕ್ಕಿತು. ಅವನು ಗುದ್ದಿದ ಚೆಂಡು ಎರಡು ಸಲ ನಮ್ಮ ಕೌಂಟರ್ (ಎದುರುದಾಳಿ) ಆಯಿತು. ಮೂರು ಪದ್ಧತಿಗಳ ಬಗ್ಗೆ ತಲೆ ಕೆಡಿಸಿಕೊಂಡವನಿಗೆ ಸಿಕ್ಕಿದ್ದು ಇದು: ಬಾಕ್ಸಿನೊಳಗೆ ಹೇಗೆ ನಿಲ್ಲಬೇಕು ಅನ್ನುವುದಕ್ಕಿಂತ ಬಾಕ್ಸಿನ ಹೊರಗೆ ಎಷ್ಟು ಜನ ಅನ್ನುವುದೇ ನಮ್ಮನ್ನು ಹೆಚ್ಚು ಕಾಪಾಡಿತು. ಅಂಜದ ಕೋಚ್‌ಗಳೂ ಇದ್ದಾರೆ. ಒಬ್ಬರು ನಮ್ಮ ಮೂವರ ಎದುರು ಇಬ್ಬರನ್ನೇ ಬಿಟ್ಟು ಉಳಿದವರನ್ನೆಲ್ಲ ಒಳಗೆ ನುಗ್ಗಿಸಿದರು, ಗೋಲೂ ಹೊಡೆದರು. ಮಿಶ್ರ ಪದ್ಧತಿಯಲ್ಲಿ ಬಿದ್ದ ಎರಡರಲ್ಲಿ ಅದು ಒಂದು.

ಇನ್ನೊಂದು ನಾಚಿಕೆಯದ್ದು. ಚೆಂಡು ಹೊರಗೆ ಹೋಯಿತು, ನಮ್ಮವರು ಬೆನ್ನು ತಿರುಗಿಸಿ ತಮ್ಮ ತಮ್ಮ ಜಾಗ ಹುಡುಕುತ್ತಿದ್ದರು, ಅವರು ಟಪ್ ಅಂತ ಒದ್ದೇಬಿಟ್ಟರು. 2019ರ ಮೇ 7ರಂದು ಆನ್‌ಫೀಲ್ಡ್‌ನಲ್ಲಿ ಬಾರ್ಸಿಲೋನಾಗೆ ಲಿವರ್‌ಪೂಲ್‌ನ ಟ್ರೆಂಟ್ ಅಲೆಕ್ಸಾಂಡರ್-ಆರ್ನಾಲ್ಡ್ ಮಾಡಿದ್ದು ಇದನ್ನೇ. ಒರಿಗಿ ಹೊಡೆದ, 4-0. ಮೆಸ್ಸಿ ಇದ್ದ ತಂಡಕ್ಕೇ ಹಾಗಾಯಿತಲ್ಲ ಅಂತ ಹುಡುಗರು ನನಗೆ ಸಮಾಧಾನ ಹೇಳಿದರು.

ಪೋಸ್ಟಿಗೆ ಒಬ್ಬನನ್ನು ಅಂಟಿಸಿ ನಿಲ್ಲಿಸುವ ಹಳೆಯ ರೂಢಿಯನ್ನು ಕೈಬಿಟ್ಟೆ. ಕಾರ್ನರ್ ಒದ್ದಾಗ ನೇರವಾಗಿ ಆಫ್‌ಸೈಡ್ (ರಕ್ಷಕರನ್ನು ದಾಟಿ ಗೋಲಿನ ಹತ್ತಿರ ನಿಂತು ಚೆಂಡು ಪಡೆಯುವ ತಪ್ಪು) ಇಲ್ಲ, ಸರಿ. ಆದರೆ ಬಾಕ್ಸಿನಿಂದ ಹೊರಗೆ ಹೋದ ಚೆಂಡು ಮತ್ತೆ ಒಳಗೆ ಬರುವಾಗ ಪೋಸ್ಟಿನಲ್ಲಿ ನಿಂತವನು ಎದುರಾಳಿಗಳೆಲ್ಲರನ್ನೂ ಆನ್‌ಸೈಡ್ ಮಾಡಿಬಿಡುತ್ತಾನೆ. ಶಾರ್ಟ್ ಕಾರ್ನರ್‌ಗೆ (ಹತ್ತಿರದವನಿಗೆ ಒದೆಯುವ ಕಾರ್ನರ್) ಒಬ್ಬನನ್ನು 9.15 ಮೀಟರ್ ದೂರದಲ್ಲಿ ನಿಲ್ಲಿಸುವುದು ಮೂರೂ ಪದ್ಧತಿಗಳಲ್ಲಿ ಮಾಡಿದೆ, ಅದರಲ್ಲಿ ಹೋಲಿಸುವುದಕ್ಕೆ ಏನೂ ಇಲ್ಲ.

ಯಾರಾದರೂ ಕೇಳಿದರೆ ನಾನು ಮೊದಲು ಕೀಪರ್ ಹೇಗೆ ಅಂತ ಕೇಳುತ್ತೇನೆ. ಹೊರಗೆ ಬರುವವನಾದರೆ ಮಿಶ್ರ ಪದ್ಧತಿ, ಮುಂದೆ ಮೂವರು. ಗೆರೆ ಬಿಡದವನಾದರೆ ಝೋನಲ್‌ನ ಐವರು ಅವನ ಮುಂದೆ ಇರಲಿ, ಅಪ್ಪಂದಿರ ಕೂಗಾಟ ಸಹಿಸಿಕೊಳ್ಳಿ. ವಾರಕ್ಕೊಂದು ಸಲವೂ ಎಲ್ಲರೂ ಅಭ್ಯಾಸಕ್ಕೆ ಬರದ ತಂಡವಾದರೆ ಮ್ಯಾನ್ ಮಾರ್ಕಿಂಗ್ ಸಾಕು, ಬೆಂಚಿನಿಂದ ಬರುವವನನ್ನು ಯಾರು ಹಿಡಿಯಬೇಕು ಅನ್ನುವುದನ್ನು ಮಾತ್ರ ಟಾಸ್‌ಗೆ ಮೊದಲೇ ತೀರ್ಮಾನಿಸಿಕೊಳ್ಳಿ.

ನಮ್ಮ ವಾಲಿಬಾಲ್ ಕೀಪರ್ ಈ ಜೂನ್‌ನಲ್ಲಿ ಕಾಲೇಜಿಗೆಂದು ಮೈಸೂರಿಗೆ ಹೋದ. ಬೆಕ್ಕಿನ ಹುಡುಗ ಮತ್ತೆ ಗ್ಲೌಸ್ ಹಾಕಿದ್ದಾನೆ. ಕಳೆದ ಭಾನುವಾರ ಐದು ಬಾಟಲಿ ಮತ್ತೆ ಹೊರಗೆ ತೆಗೆದೆ, ಈ ಸಲ ಮಣ್ಣು ತುಂಬಿಸಿ.