ಬೀರು ಸರಿಸಲು ಕಂಬಳಿಯೋ, ಪೈಪೋ?

100 ಕೆಜಿ ಬೀರುವನ್ನು ಪಕ್ಕದ ರೂಮಿಗೆ ಸಾಗಿಸಲು ಕೆಳಗೆ ಹಳೇ ಕಂಬಳಿ ಹಾಕಲೋ, ಪೈಪ್ ತುಂಡು ಇಡಲೋ ಎಂದು ಕೇಳಿದ್ದೀರಿ. ಶ್ರಮ ನೋಡಿದರೆ ಪೈಪೇ ಸುಲಭ. ಉರುಳುವಾಗಿನ ಘರ್ಷಣೆ ಜಾರುವಾಗಿನದಕ್ಕಿಂತ ತುಂಬಾ ಕಡಿಮೆ. ಕಂಬಳಿ-ಟೈಲ್ಸ್ ನಡುವಿನ ಘರ್ಷಣಾ ಗುಣಾಂಕ (ಜಾರಿಸಲು ತೂಕದ ಎಷ್ಟು ಪಾಲು ಬಲ ಬೇಕೆಂದು ಹೇಳುವ ಸಂಖ್ಯೆ) 0.3 ಎಂದಿಟ್ಟುಕೊಳ್ಳಿ, ಆಗ ಸುಮಾರು 30 ಕೆಜಿ ಎತ್ತುವಷ್ಟು ಬಲ ಹಾಕಿ ತಳ್ಳಬೇಕು, ಅದೂ ಹೊರಡಿಸುವಾಗ ಇನ್ನೂ ಸ್ವಲ್ಪ ಜಾಸ್ತಿ, ಯಾಕೆಂದರೆ ನಿಂತ ವಸ್ತುವನ್ನು ಕದಲಿಸುವುದೇ ಕಷ್ಟ, ಹಾಗಾಗಿ ಒಮ್ಮೆ ಹೊರಟರೆ ನಡುವೆ ನಿಲ್ಲಿಸಬೇಡಿ. ಅಗಲದ ಕಂಬಳಿ ಹಾಕಿದರೆ ಹಗುರವಾಗುತ್ತಾ? ಇಲ್ಲ, ತಾಗುವ ಜಾಗಕ್ಕೂ ಘರ್ಷಣೆಗೂ ಹೆಚ್ಚು ಸಂಬಂಧವಿಲ್ಲ. ತೂಕಕ್ಕಿದೆ. ಬಟ್ಟೆಬರೆ ತೆಗೆದು 60 ಕೆಜಿಗೆ ಇಳಿಸಿದರೆ 18 ಕೆಜಿ ಎತ್ತುವಷ್ಟು ಬಲ ಸಾಕು.

ಆದರೆ ಹಿಡಿತವೂ ಬೇಕಲ್ವಾ? ಕಂಬಳಿ ಮೇಲಿನ ಬೀರು ಕೈ ಬಿಟ್ಟ ತಕ್ಷಣ ನಿಲ್ಲುತ್ತದೆ. ಪೈಪ್ ಮೇಲಿನದು ಸ್ವಲ್ಪ ಇಳಿಜಾರಿದ್ದರೂ ಓಡುತ್ತದೆ, ಹಿಂದಿನ ಪೈಪ್ ತೆಗೆದು ಮುಂದಿಡಲು ಇನ್ನೊಬ್ಬರು ಬೇಕು, ಬೀರುವಿಗೆ ಕಾಲುಗಳಿದ್ದರೆ ಅಡಿಗೆ ಹಲಗೆಯೂ ಬೇಕು. ಖರ್ಚು ಎರಡಕ್ಕೂ ಅಷ್ಟಕ್ಕಷ್ಟೇ.

ನುಣುಪು ಟೈಲ್ಸ್, ನಾಲ್ಕು ಹೆಜ್ಜೆ ದೂರ, ಜನ ಕಡಿಮೆ ಎಂದರೆ ಕಂಬಳಿ. ಒರಟು ಸಿಮೆಂಟ್ ನೆಲ, ಉದ್ದ ದಾರಿ, ಮೂವರಿದ್ದೀರಿ ಎಂದರೆ ಪೈಪ್. ಸೋಪಿನ ನೀರು ಮಾತ್ರ ಬೇಡ, ಬೀರುವಿಗಿಂತ ಮೊದಲು ನಿಮ್ಮ ಕಾಲೇ ಜಾರುತ್ತದೆ.