ಕಾಲರ್ ಮೈಕ್ ರಿವ್ಯೂ: ಮಾತು ಸ್ಪಷ್ಟ, ನಗು ನಾಪತ್ತೆ

ವೈರ್ ಇಲ್ಲದ ಎರಡು ಮೈಕು, ಫೋನಿಗೆ ಸಿಕ್ಕಿಸೂಕೆ ಒಂದು ಟೈಪ್-ಸಿ ರಿಸೀವರ್ರು, ಚಾರ್ಜ್ ಮಾಡೂ ಡಬ್ಬಿ, ಗಾಳಿಗೆ ಹಾಕೂಕೆ ಎರಡು ರೋಮದ ಟೊಪ್ಪಿ, ಎಲ್ಲಾ ಸೇರಿ 1800 ರೂಪಾಯಿ. ಆನ್‌ಲೈನಲ್ಲಿ ತರಿಸಿದ್ದು, ಕಾರವಾರಕ್ಕೆ ಬರೂಕೆ ಆರು ದಿನ ಹಿಡೀತು. ಕಂಪನಿ ಹೆಸ್ರು ಬರೆಯೂದಿಲ್ಲ, ಬರೆದ್ರೂ ಉಪಯೋಗ ಇಲ್ಲ, ಇದೇ ಡಬ್ಬಿ ಇದೇ ಹಸಿರು ಲೈಟು ನಾಲ್ಕೈದು ಹೆಸ್ರಲ್ಲಿ ಮಾರ್ತಾರೆ, ಫೋಟೋ ನೋಡಿದ್ರೆ ನಿಮಗೇ ಗೊತ್ತಾಗ್ತದೆ. ಹದಿನಾಲ್ಕು ತಿಂಗಳು ವಾಪರಿಸಿ ಆಮೇಲೆ ಬರೀತಿರೂದು, ಡಬ್ಬಿ ಬಿಚ್ಚಿದ ದಿನವೇ ಐದು ಸ್ಟಾರ್ ಕೊಡೂ ಜಾತಿ ನಾನಲ್ಲ.

ನಾ ಯಾರು ಅಂತ ಹೇಳದೆ ಹೋದ್ರೆ ರಿವ್ಯೂ ಅರ್ಥ ಆಗೂದಿಲ್ಲ. ಹಗಲು ಅಂಕೋಲೆಯಲ್ಲಿ ಒಂದು ಸೊಸೈಟಿಯಲ್ಲಿ ಲೆಕ್ಕ ಬರೀತೆ, ಸಂಜೆ ಮತ್ತೆ ಆದಿತ್ಯವಾರ ಕಾಮಿಡಿ ವಿಡಿಯೋ. ಮೊದ್ಲು ಟಿಕ್‌ಟಾಕಲ್ಲಿ ಅತ್ತೆನೂ ನಾನೇ ಸೊಸೆನೂ ನಾನೇ ಆಗಿ ಮಾಡ್ತಿದ್ದೆ, 2020 ಜೂನ್ ಕೊನೆಗೆ ಬ್ಯಾನ್ ಆಯ್ತಲ್ಲ, ರಾತ್ರಿ ಬೆಳಗಾಗೂದ್ರೊಳಗೆ ಅತ್ತೆ ಸೊಸೆ ಇಬ್ರೂ ಒಟ್ಟಿಗೇ ಹೋದ್ರು. ಜುಲೈಲಿ ರೀಲ್ಸ್ ಬಂತು, ಸೆಪ್ಟೆಂಬರಲ್ಲಿ ಶಾರ್ಟ್ಸ್ ಬಂತು, ಮತ್ತೆ ಸೊನ್ನೆಯಿಂದ ಶುರು. ಅಲ್ಲೀವರೆಗೂ ಮೈಕಿನ ಯೋಚನೆಯೇ ಇರಲಿಲ್ಲ, ಫೋನು ಮುಖದಿಂದ ಒಂದು ಮೊಳ ದೂರ, ಅದರ ಮೈಕೇ ಸಾಕಿತ್ತು.

ಮೈಕ್ ಬೇಕಾದ್ದು ಜನರನ್ನ ಕೂರಿಸ್ಕಂಡು ಮಾತಾಡಿಸೂ ಉದ್ದ ವಿಡಿಯೋ ಶುರು ಮಾಡಿದ ಮೇಲೆ. ಅದನ್ನ ಎಂತಕೆ ಶುರು ಮಾಡಿದೆ ಅಂದ್ರೆ ಕಲೆಗೋಸ್ಕರ ಅಂತೆಲ್ಲ ಹೇಳೂದಿಲ್ಲ, ಲೆಕ್ಕದ ಹೆಂಗಸು ನಾನು. ಯೂಟ್ಯೂಬಲ್ಲಿ ಜಾಹೀರಾತಿನ ಪಾಲು ಬೇಕಂದ್ರೆ 1000 ಸಬ್‌ಸ್ಕ್ರೈಬರ್ ಆಗ್ಬೇಕು, ಅದರ ಜೊತೆ 12 ತಿಂಗಳೊಳಗೆ ಜನ 4000 ಗಂಟೆ ನೋಡಿರ್ಬೇಕು, ಇಲ್ಲಾ ಅಂದ್ರೆ 90 ದಿವಸದಲ್ಲಿ ಶಾರ್ಟ್ಸಿಗೆ 1 ಕೋಟಿ ವ್ಯೂ ಬರ್ಬೇಕು, ಶಾರ್ಟ್ಸ್ ಫೀಡಲ್ಲಿ ನೋಡಿದ್ದು ಆ 4000 ಗಂಟೆಗೆ ಸೇರೂದಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ 14 ಲಕ್ಷ ಚಿಲ್ಲರೆ. ತೊಟ್ಟಿಲ ಮಗುವಿಂದ ಹಿಡಿದು ಎಲ್ಲರೂ ಏಳೇಳು ಸಲ ನೋಡ್ಬೇಕು ಒಂದು ಕೋಟಿ ಆಗೂಕೆ! ಅದಕ್ಕೇ ಉದ್ದ ವಿಡಿಯೋ, ಅದಕ್ಕೇ ಮೈಕು.

ಒಳ್ಳೇದು ಮೊದ್ಲು ಹೇಳ್ತೆ. ಗಾಳಿಗೆ ಇದು ಪಾಸು. ಟಾಗೋರ್ ಬೀಚಲ್ಲಿ ಮ್ಯೂಸಿಯಂ ಮಾಡಿಟ್ಟ ಚಾಪೆಲ್ ಯುದ್ಧ ಹಡಗಿನ ಹತ್ರ ನಿಂತ್ಕಂಡು ಮಧ್ಯಾಹ್ನ ಮೂರು ಗಂಟೆಗೆ ರೆಕಾರ್ಡ್ ಮಾಡಿ ನೋಡಿದೆ, ಆ ಹೊತ್ತಿಗೆ ಸಮುದ್ರದ ಗಾಳಿ ಹೆಂಗಿರ್ತದೆ ಅಂತ ಕಾರವಾರದವ್ರಿಗೆ ಹೇಳ್ಬೇಕಾ. ಟೊಪ್ಪಿ ಇಲ್ಲದೆ ಮಾಡಿದ್ರೆ ಯಾರೋ ಒದ್ದೆ ಸೀರೆ ಜಾಡಿಸಿದ ಸದ್ದು, ಟೊಪ್ಪಿ ಹಾಕಿದ ಮೇಲೆ ಮಾತು ಸಲೀಸಾಗಿ ಕೇಳ್ತದೆ, ಹಿಂದೆ ತೆರೆ ಸದ್ದು ಸಣ್ಣಕೆ. ಗಂಟಲಿಂದ ಒಂದು ಗೇಣು ಕೆಳಗೆ ಸಿಕ್ಕಿಸಿದ್ರೆ ಸರಿ, ಸೀರೆ ಸೆರಗಿಗೆ ಸಿಕ್ಕಿಸಿದ್ರೆ ಮಾತ್ರ ಸೆರಗು ಸರಿ ಮಾಡ್ಕಂಡಾಗೆಲ್ಲ ಪರಪರ ಅಂತದೆ, ಅದು ಮೈಕಿನ ತಪ್ಪಲ್ಲ.

ಡಬ್ಬಿ ಮೇಲೆ 20 ಮೀಟರ್ ಅಂತ ಬರೆದದ್ದು ನಂಬ್ಬೇಡಿ. ಎದುರಿಗೆ ನಿಂತು ಮಾತಾಡಿದ್ರೆ ಹದಿನೈದು ಹೆಜ್ಜೆ ಬರ್ತದೆ, ಬೆನ್ನು ತಿರುಗಿಸಿದ್ರೆ ಏಳೆಂಟು ಹೆಜ್ಜೆಗೇ ಕಟ್ ಕಟ್. ಇದು 2.4 ಗಿಗಾಹರ್ಟ್ಸಿನ ಮೈಕು, ವೈಫೈ ಬ್ಲೂಟೂತು ಎಲ್ಲಾ ಅದೇ ದಾರಿಯಲ್ಲಿ ಓಡಾಡೂದು, ಮೇಲಿಂದ ಮನುಷ್ಯನ ಮೈಯಲ್ಲಿ ಇರೂದೇ ಬಹುಪಾಲು ನೀರು, ಆ ನೀರು ಸಿಗ್ನಲ್ಲನ್ನ ಹೀರ್ಕಳ್ತದೆ. ಬಸ್‌ಸ್ಟ್ಯಾಂಡಲ್ಲಿ ಗದ್ದಲದ ಹೊತ್ತಿಗೆ ಪ್ರಯತ್ನ ಮಾಡಿದವ್ರಿಗೆ ಗೊತ್ತು. ಇನ್ನೊಂದು ಕಿರಿಕಿರಿ, ಕೆಲವು ಫೋನಲ್ಲಿ ಸೆಟಿಂಗಿಗೆ ಹೋಗಿ ಓಟಿಜಿ (ಹೊರಗಿಂದ ಸಿಕ್ಕಿಸಿದ್ದನ್ನ ಫೋನು ಗುರುತು ಹಿಡಿಯೂಕೆ ಇರೂ ಸೆಟಿಂಗು) ಆನ್ ಮಾಡ್ಬೇಕು, ಸ್ವಲ್ಪ ಹೊತ್ತು ಬಿಟ್ರೆ ಅದು ತಾನೇ ಆಫ್ ಆಗ್ತದೆ. ನಂದು ಹಾಗೇ ಆಗಿ ಒಬ್ರು ಹಿರಿಯರ ಜೊತೆ ನಲವತ್ತು ನಿಮಿಷದ ಮಾತುಕತೆ ಪೂರಾ ಫೋನಿನ ಮೈಕಲ್ಲೇ ರೆಕಾರ್ಡ್ ಆಗಿ ಫ್ಯಾನಿನ ಸದ್ದೊಂದೇ ಚಂದ ಬಂದಿತ್ತು.

ಈಗ ಅಸಲು ವಿಷಯ. ಇದರ ದೊಡ್ಡ ಜಾಹೀರಾತೇ ನಾಯ್ಸ್ ಕ್ಯಾನ್ಸಲೇಷನ್. ಒಂದು ಗುಂಡಿ ಒತ್ತಿದ್ರೆ ಸುತ್ತಲ ಗದ್ದಲ ಹೋಗ್ತದೆ. ಹೋಗ್ತದೆ ಹೌದು, ಫ್ಯಾನು ಹೋಗ್ತದೆ, ಜನರೇಟರ್ ಹೋಗ್ತದೆ, ಮತ್ತೆ ನನ್ನ ಹೊಟ್ಟೆಪಾಡೂ ಹೋಗ್ತದೆ. ಮೀನು ಮಾರ್ಕೆಟಲ್ಲಿ ಒಬ್ರು ಅಕ್ಕನ್ನ ಮಾತಾಡಿಸ್ತಿದ್ದೆ, "ಅಕ್ಕಾ ಬಾಂಗಡೆ ಹ್ಯಾಂಗೆ?" ಅಂದೆ, ಅವಳು ಮುಖ ಎತ್ತದೆ "ನೂರಕ್ಕೆ ಐದು, ನಿಂಗೆ ನಾಲ್ಕೇ, ನೀ ವಿಡಿಯೋದಲ್ಲಿ ದುಡೀತೆ ಅಲಾ" ಅಂದ್ಲು. ಅಕ್ಕಪಕ್ಕ ಕೂತ ಹೆಂಗಸರೆಲ್ಲ ಬಿದ್ದು ಬಿದ್ದು ನಗೂಕೆ ಶುರು ಮಾಡಿದ್ರು, ಒಬ್ಬಳು ಮುದುಕಿಯಂತೂ ಬುಟ್ಟಿ ಬಡೀತಾ ನಕ್ಕಳು. ನಾ ಖುಷಿಯಲ್ಲಿ ಮನೆಗೆ ಬಂದು ಕೇಳಿದ್ರೆ ಅಕ್ಕನ ಮಾತು ಗಾಜಿನಷ್ಟು ಸ್ಪಷ್ಟ, ಅದರ ಮುಂದೆ ಮೌನ. ಪೂರಾ ಮೌನ. ನೋಡಿದವ್ರಿಗೆ ಯಾರೋ ನನಗೆ ಸೂತಕದ ಮನೆಯಲ್ಲಿ ಬೈದ ಹಾಗೆ ಕಾಣ್ತದೆ.

ಯೋಚನೆ ಮಾಡಿದ್ರೆ ಮಿಷನ್ನಿಂದೂ ತಪ್ಪಲ್ಲ, ಅದು ಹತ್ತಿರ ಇರೂ ಒಂದು ಗಂಟಲನ್ನ ಹಿಡ್ಕಳ್ತದೆ, ದೂರದ ಹತ್ತು ಗಂಟಲು ಒಟ್ಟಿಗೆ ಅಡ್ಡಾದಿಡ್ಡಿ ಸದ್ದು ಮಾಡಿದ್ರೆ ಅದಕ್ಕೆ ಗದ್ದಲ ಅಂತಲೇ ಲೆಕ್ಕ. ಆದ್ರೆ ನಮ್ಮ ಕಸುಬಲ್ಲಿ ಆ ಗದ್ದಲವೇ ಪಗಾರ. ಗಂಗಾವತಿ ಪ್ರಾಣೇಶ್ ಅವ್ರ ಆಡಿಯೋ ಮೊದ್ಲೆಲ್ಲ ಬಸ್ಸಲ್ಲಿ ಹಾಕ್ತಿದ್ರಲ್ಲ, ಅದರಿಂದ ಆ ಸಭೆಯ ನಗುವನ್ನ ತೆಗೆದುಬಿಟ್ಟು ಒಮ್ಮೆ ಕೇಳಿದ ಹಾಗೆ ಕಲ್ಪಿಸ್ಕಳಿ, ಅರ್ಧ ಸ್ವಾದ ಹೋಯ್ತು. ಕಾಮಿಡಿಯ ದಾನಿಶ್ ಸೇಠ್ ರೇಡಿಯೋದಲ್ಲಿ ನೊಗರಾಜ್ ಅಂತ ರಾಜಕಾರಣಿ ಪಾತ್ರದಲ್ಲಿ ಫೋನ್ ಮಾಡಿ ಜನರನ್ನ ಗೋಳು ಹೊಯ್ಕಳ್ತಿದ್ದಾಗ ಮುಖ ಕಂಡವ್ರು ಯಾರು, ಆಚೆ ಕಡೆಯವ್ರು ತಬ್ಬಿಬ್ಬಾಗಿ "ಆಂ?" ಅಂತಿದ್ರಲ್ಲ, ಅದರಲ್ಲೇ ಮಜಾ ಇತ್ತು. ಆಮೇಲೆ ಅದೇ ಪಾತ್ರ 2018ರಲ್ಲಿ ಸಿನಿಮಾದವರೆಗೂ ಹೋಯ್ತು, 2020ರ ಲಾಕ್‌ಡೌನಲ್ಲಿ ಒಬ್ಬನೇ ಮನೆಯಲ್ಲಿ ಕೂತು ಎಲ್ಲಾ ಪಾತ್ರ ತಾನೇ ಮಾಡಿದ ವಿಡಿಯೋ ಊರಿಡೀ ಓಡಾಡ್ತು. ಶುರುವಾದದ್ದು ಕಿವಿಯಿಂದ. ನಾನು ಉಲ್ಟಾ, ಮುಖದಿಂದ ಶುರು ಮಾಡಿ ಕಿವಿಗೆ ಈಗ ಬಂದವಳು.

ಮತ್ತೆ ಅಷ್ಟು ದೂರ ಎಂತಕೆ, ನಮ್ಮ ಯಕ್ಷಗಾನ ಆಟದ ಹಾಸ್ಯಗಾರರನ್ನೇ ನೋಡಿ. ಸಣ್ಣಕಿದ್ದಾಗ ಅಪ್ಪ ಕರ್ಕಂಡು ಹೋಗ್ತಿದ್ರು, ರಂಗಸ್ಥಳದ ಮೇಲೆ ಮೈಕು ನೇತು ಹಾಕಿರ್ತಿದ್ರು. ವೇಷದವ್ರು ಅರ್ಥ ಹೇಳೂದು ಅದರ ಅಡಿಗೆ ಬಂದು ನಿಂತು. ಹಾಸ್ಯಗಾರ ಮಾತ್ರ ಬೇಕಂತಲೇ ಮೈಕಿಂದ ಎರಡು ಹೆಜ್ಜೆ ಆಚೆ ಹೋಗಿ ಭಾಗವತರ ಕಿವಿಯಲ್ಲಿ ಹೇಳಿದ ಹಾಗೆ ಏನೋ ಗೊಣಗ್ತಿದ್ದ, ಮುಂದಿನ ಸಾಲಿನವ್ರು ನಗ್ತಿದ್ರು, ಹಿಂದಿನ ಸಾಲಿನವ್ರು "ಎಂತ ಹೇಳ್ದಾ, ಎಂತ ಹೇಳ್ದಾ" ಅಂತ ಕೇಳಿ ಆಮೇಲೆ ನಗ್ತಿದ್ರು, ಒಂದೇ ಮಾತಿಗೆ ಎರಡು ಸಲ ನಗು. ಈ 1800 ರೂಪಾಯಿ ಮೈಕಿನ ಕೈಗೆ ಅವ್ನು ಸಿಕ್ಕಿದ್ರೆ ಅವನ ಅರ್ಧ ಪಾತ್ರವನ್ನೇ ಅಳಿಸಿ ಹಾಕ್ತಿತ್ತು.

ಈಗ ನಾ ಮಾಡೂದು ಇಷ್ಟು. ಗುಂಡಿ ಆಫ್, ಯಾವಾಗ್ಲೂ ಆಫ್. ಒಂದು ಮೈಕು ನನಗೆ ಮತ್ತೆ ಎದುರಿನವ್ರಿಗೆ ಮಧ್ಯ, ಇನ್ನೊಂದು ನಗೂವ್ರ ಕಡೆ. ಸಿರ್ಸಿಯಲ್ಲಿ ಒಂದು ಹಾಲಲ್ಲಿ ಹದಿನೈದು ನಿಮಿಷದ ಕಾರ್ಯಕ್ರಮ ಸಿಕ್ಕಿತ್ತು, ಸ್ಟೇಜಿಗೆ ಅವರದ್ದೇ ಮೈಕು (ಇದನ್ನ ಫೋನಿನ ಮೂಲಕ ಸೌಂಡ್ ಬಾಕ್ಸಿಗೆ ಹಾಕೂಕೆ ಹೋಗ್ಬೇಡಿ, ತುಟಿ ಮುಂದೆ ಸದ್ದು ಹಿಂದೆ), ನನ್ನದೊಂದನ್ನ ಮೂರನೇ ಸಾಲಿನ ಖಾಲಿ ಕುರ್ಚಿಗೆ ಸಿಕ್ಕಿಸಿ, ಫೋನು ಅದರ ಕೆಳಗೇ ಇಟ್ಟು ಹೋದೆ. ನಗು ಚಂದ ಸಿಕ್ತು. ಜೊತೆಗೆ ಪಕ್ಕದ ಕುರ್ಚಿಯ ಇಬ್ರು ಭಟ್ರು ಹದಿನೈದು ನಿಮಿಷವೂ ಅಡಿಕೆಯ ಕೊಳೆ ರೋಗ, ಮರ ಹತ್ತೂ ಕೊನೆಗೌಡ ಸಿಗೂದಿಲ್ಲ, ಮೂರನೇ ಸಲ ಮದ್ದು ಹೊಡೆಸ್ಬೇಕಾ ಬೇಡ್ವಾ ಅಂತ ಮಾತಾಡಿದ್ದೂ ಸಿಕ್ತು. ನನ್ನ ಒಂದು ಒಳ್ಳೆ ಜೋಕಿಗೆ ಸರಿಯಾಗಿ "ಈ ಸಲ ಪೂರಾ ಉದುರ್ತು" ಅಂತಾರೆ. ಅದನ್ನ ಹಾಗೇ ಹಾಕಿದೆ, ಆ ವಿಡಿಯೋದಲ್ಲಿ ಜನ ಅತೀ ಹೆಚ್ಚು ಮೆಚ್ಚಿದ್ದು ಅದೇ ಜಾಗ, ನನ್ನ ಜೋಕನ್ನಲ್ಲ.

ಮಳೆಗಾಲದ ಬಗ್ಗೆ ಒಂದು ಮಾತು. ಕರಾವಳಿಯ ಉಪ್ಪು ಗಾಳಿಗೆ ಡಬ್ಬಿಯೊಳಗಿನ ಚಾರ್ಜಿಂಗ್ ಪಿನ್ನು ಜುಲೈ ಹೊತ್ತಿಗೆ ಹಸಿರು ತಿರುಗಿ ಒಂದು ಮೈಕು ಚಾರ್ಜೇ ಆಗಲಿಲ್ಲ. ಕಸ್ಟಮರ್ ಕೇರಿಗೆ ವಾಟ್ಸಾಪ್ ಮಾಡಿದ್ರೆ "ನಿಮ್ಮ ಸಂದೇಶ ನಮಗೆ ಮುಖ್ಯ" ಅಂತ ಮೂರು ಸಲ ಬಂತು, ಮನುಷ್ಯರು ಬರಲಿಲ್ಲ. ಕೊನೆಗೆ ಮೊಬೈಲ್ ರಿಪೇರಿ ಹುಡುಗ ಹಳೆ ಹಲ್ಲುಜ್ಜೂ ಬ್ರಷ್ಷಲ್ಲಿ ತಿಕ್ಕಿ ಕೊಟ್ಟ, ದುಡ್ಡು ತಕಳ್ಲಿಲ್ಲ, ತನ್ನ ಅಂಗಡಿ ವಿಡಿಯೋದಲ್ಲಿ ಕಾಣ್ಬೇಕು ಅಂದ. ಬ್ಯಾಟ್ರಿ ಹೊಸತರಲ್ಲಿ ಐದು ಗಂಟೆ ಬರ್ತಿತ್ತು, ಈಗ ಮೂರು.

ಐದಕ್ಕೆ ಮೂರೂವರೆ ಕೊಡ್ತೆ. ಅಡುಗೆ ವಿಡಿಯೋ, ಪಾಠ, ಒಬ್ರೇ ಕೂತು ಮಾತಾಡೂವ್ರು ಕಣ್ಣು ಮುಚ್ಚಿ ತಕಳಿ. ಕಾಮಿಡಿಯವ್ರು ತಕಂಡ್ರೆ ಆ ಗುಂಡಿಗೆ ಒಂದು ಟೇಪ್ ಅಂಟಿಸಿಡಿ, ನಾ ಅಂಟಿಸಿದ್ದೆ.

ಕೊನೆಗೆ ಒಂದು ಸಹಾಯ ಬೇಕು. ಮಾರ್ಕೆಟಲ್ಲಿ ಆಡಿಸಿ ಆಡಿಸಿ ರೋಮದ ಟೊಪ್ಪಿಗೆ ಬಾಂಗಡೆ ವಾಸ್ನೆ ಹಿಡಿದಿತ್ತು, ಹೋದ ಆದಿತ್ಯವಾರ ಒಂದನ್ನ ಅಲ್ಲಿನ ಬೆಕ್ಕು ಇಲಿ ಅಂತ ತಿಳ್ಕಂಡೋ ಮೀನು ಅಂತ ತಿಳ್ಕಂಡೋ ಕಚ್ಕಂಡು ಓಡ್ತು. ಬುಟ್ಟಿ ಬಡಿಯೂ ಮುದುಕಿ ನಕ್ಕಿದ್ದು ಈ ಸಲ ಪೂರಾ ರೆಕಾರ್ಡ್ ಆಯ್ತು. ಟೊಪ್ಪಿ ಒಂದೇ ಬಿಡಿಯಾಗಿ ಕಾರವಾರ ಅಥವಾ ಕುಮಟೆಯಲ್ಲಿ ಎಲ್ಲಾದ್ರೂ ಸಿಗ್ತದಾ, ಅದೊಂದಕ್ಕೋಸ್ಕರ ಪೂರಾ ಸೆಟ್ ತಕಳ್ಳೂಕೆ ಮನಸ್ಸಿಲ್ಲ.